ಅಕ್ಷತೆ ಬೀಳುವಾಗಲೇ ಚಕ್ರ ತಿರುಗುವುದೇಕೆ?

ನೆಟ್‌ಫ್ಲಿಕ್ಸ್‌ನಲ್ಲಿ ಯಾವುದೋ ದೇಶದವರು ತೆಗೆದ ಸಿನಿಮಾ ಎಣ್ಣೆ ಸವರಿದಂತೆ ಓಡುತ್ತೆ. ನಮ್ಮದೇ ಮನೆಯ ಮದುವೆ ವಿಡಿಯೊ, ನಮ್ಮದೇ ಕಂಪ್ಯೂಟರಿನಿಂದ, ನಮ್ಮದೇ ಟೀವಿಗೆ ಬರೋಕೆ ಮಾತ್ರ ಏದುಸಿರು ಬಿಡುತ್ತೆ. ನಾಲ್ಕು ಸೆಕೆಂಡ್ ಓಡು, ಎರಡು ಸೆಕೆಂಡ್ ನಿಲ್ಲು. ಮಧ್ಯದಲ್ಲಿ ಆ ಚಕ್ರ! ಮನೆಯಲ್ಲಿ ಮೀಡಿಯಾ ಸರ್ವರ್ ಇಟ್ಟುಕೊಂಡ ನನ್ನ ಗೆಳತಿಯರೆಲ್ಲ ಒಮ್ಮೆಯಾದರೂ ಕೇಳಿದ ಪ್ರಶ್ನೆ ಇದು: "ಇಂಟರ್ನೆಟ್ ಪ್ಲಾನ್ ದೊಡ್ಡದು ಹಾಕಿಸಿದ್ರೆ ಸರಿ ಹೋಗುತ್ತಾ?"

ಹೋಗಲ್ಲ ಕಣ್ರೀ. ಬಹಳಷ್ಟು ಸಲ ಹೋಗಲ್ಲ. ಯಾಕೆ ಅಂತ ಹೇಳೋದಕ್ಕೇ ಈ ಬರಹ. ಒಂದಿಷ್ಟು ತಾಂತ್ರಿಕ ಪದಗಳು ಬರುತ್ತವೆ, ಹೆದರಬೇಡಿ. ಕುಕ್ಕರ್‌ನ ಗ್ಯಾಸ್ಕೆಟ್ ಬದಲಿಸಲು ಬರುವವರಿಗೆ ಇದೂ ಬರುತ್ತದೆ.

ಮೀಡಿಯಾ ಸರ್ವರ್ ಅಂದರೆ ಗೊತ್ತಿಲ್ಲದವರಿಗೆ ಎರಡು ಮಾತು. ಮನೆಯ ಹಳೇ ಲ್ಯಾಪ್‌ಟಾಪಿಗೋ ಸಣ್ಣ ಕಂಪ್ಯೂಟರಿಗೋ ಒಂದು ತಂತ್ರಾಂಶ ಹಾಕಿ, ಮನೆಯ ವಿಡಿಯೊ, ಫೋಟೊ, ಹಾಡುಗಳನ್ನೆಲ್ಲ ಒಂದೇ ಕಡೆ ಇಟ್ಟು, ಅಲ್ಲಿಂದ ಟೀವಿ, ಮೊಬೈಲು, ಫೈರ್ ಟೀವಿ ಸ್ಟಿಕ್ ಎಲ್ಲಕ್ಕೂ ಬಡಿಸುವ ವ್ಯವಸ್ಥೆ. ಪ್ಲೆಕ್ಸ್, ಎಂಬಿ, ಜೆಲ್ಲಿಫಿನ್ ಎಂಬ ಮೂರು ಹೆಸರು ಹೆಚ್ಚು ಕೇಳುತ್ತವೆ. ಜೆಲ್ಲಿಫಿನ್ 2018ರ ಡಿಸೆಂಬರಿನಲ್ಲಿ ಎಂಬಿಯಿಂದ ಕವಲೊಡೆದದ್ದು. ಪೂರ್ತಿ ಉಚಿತ, ಅದರ ಮೂಲ ಸಂಕೇತವೂ ಎಲ್ಲರಿಗೆ ಮುಕ್ತ. ಪ್ಲೆಕ್ಸ್ ಬಳಸಲು ಇನ್ನೂ ಸುಲಭ. ಆದರೆ 2025ರ ಏಪ್ರಿಲ್ ಕೊನೆಯಿಂದ ನಮ್ಮ ವಿಡಿಯೊವನ್ನು ಮನೆಯ ಹೊರಗಿನಿಂದ ನೋಡಬೇಕಾದರೆ ದುಡ್ಡು ಕಟ್ಟಬೇಕು. ನನ್ನ ವಿಷಯದಲ್ಲಿ "ಮನೆಯ ಹೊರಗೆ" ಅಂದರೆ ತವರುಮನೆ. ಹಾಗಾಗಿ ನಾನು ಜೆಲ್ಲಿಫಿನ್ ಕಡೆ ಹೋದೆ.

ನಾನಿರುವುದು ದಾವಣಗೆರೆಯ ವಿದ್ಯಾನಗರದಲ್ಲಿ. ಅಮ್ಮ ಇರುವುದು ಹರಿಹರದಲ್ಲಿ. ಮಧ್ಯೆ ಹದಿನಾಲ್ಕು ಕಿಲೋಮೀಟರ್. ಬಸ್ಸಿನಲ್ಲಿ ಅರ್ಧ ಗಂಟೆ. ಅಪ್ಪ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ಲೇತ್ ಮಷೀನಿನ ಕೆಲಸದಲ್ಲಿದ್ದವರು. 1994ರಲ್ಲಿ ಅಕ್ಕನ ಮದುವೆಯಾದಾಗ ಮೂರು ವಿಎಚ್‌ಎಸ್ ಕ್ಯಾಸೆಟ್ ತುಂಬ ಶೂಟಿಂಗ್ ಆಗಿತ್ತು. ಅದರಲ್ಲಿ ಮುಹೂರ್ತ ಮುಗಿದ ಕೂಡಲೇ ಅಪ್ಪ ಮೈಕ್ ಹಿಡಿದು ಬಂದವರಿಗೆಲ್ಲ ನಾಲ್ಕು ನಿಮಿಷ ಮಾತಾಡುತ್ತಾರೆ. ಅಪ್ಪನ ದನಿ ಉಳಿದಿರುವುದು ಅದೊಂದರಲ್ಲೇ. ಅವರು ಹೋಗಿ ಆರು ವರ್ಷವಾಯಿತು. ಆಗ ಮೊಬೈಲಿನಲ್ಲಿ ಯಾರೂ ಅವರ ಮಾತು ಹಿಡಿದಿಟ್ಟಿರಲಿಲ್ಲ, ಅವರಿಗೆ ಕ್ಯಾಮೆರಾ ಕಂಡರೆ ನಾಚಿಕೆ.

ಮೊದಲ ಕ್ಯಾಸೆಟ್ಟನ್ನು ಸ್ಟುಡಿಯೊದಲ್ಲಿ ಡಿಜಿಟಲ್ ಮಾಡಿಸಿ ಸರ್ವರ್‌ಗೆ ಹಾಕಿ, ಅಮ್ಮನ ಟೀವಿಯ ಸ್ಟಿಕ್ಕಿನಲ್ಲಿ ಬರುವಂತೆ ಮಾಡಿಕೊಟ್ಟೆ. ಭಾನುವಾರ ಸಂಜೆ ಫೋನು: "ಎಲ್ಲಾ ಚೆನ್ನಾಗಿ ಬರ್ತೈತೆ ಕಣೇ. ಅಕ್ಷತೆ ಹಾಕೋ ಹೊತ್ತಿಗೆ ಸರಿಯಾಗಿ ಚಕ್ರ ತಿರುಗೋಕೆ ಶುರು. ನಿಮ್ಮಪ್ಪ ಮಾತಾಡೋಕೆ ಬಾಯಿ ತೆಗೆದ್ರೆ ಸಾಕು, ನಿಂತು ಬಿಡ್ತೈತೆ."

ಅಮ್ಮ ಹೇಳಿದ್ದು ಕಾಕತಾಳೀಯವಲ್ಲ. ಅದಕ್ಕೆ ಲೆಕ್ಕವಿದೆ.

ಮಾಡಿಟ್ಟ ಅಡುಗೆ, ಕೇಳಿದ ಮೇಲೆ ಮಾಡುವ ಅಡುಗೆ

ಮೊದಲು ನೆಟ್‌ಫ್ಲಿಕ್ಸ್ ಯಾಕೆ ನಿಲ್ಲುವುದಿಲ್ಲ ಅಂತ ನೋಡೋಣ. ಅವರು ಒಂದು ಸಿನಿಮಾಕ್ಕೆ ಒಂದೇ ಪ್ರತಿ ಇಟ್ಟುಕೊಳ್ಳುವುದಿಲ್ಲ. ಹಳೇ ಮೊಬೈಲಿಗೊಂದು, ಹೊಸ ಟೀವಿಗೊಂದು, ನಿಧಾನದ ಸಂಪರ್ಕಕ್ಕೊಂದು, ವೇಗದ್ದಕ್ಕೊಂದು ಅಂತ ಹತ್ತಾರು ಪ್ರತಿಗಳನ್ನು ಮೊದಲೇ ತಯಾರಿಸಿಟ್ಟಿರುತ್ತಾರೆ. ನೀವು ಗುಂಡಿ ಒತ್ತಿದಾಗ ನಿಮ್ಮ ಸಾಧನಕ್ಕೆ ಹೊಂದುವುದನ್ನು ಎತ್ತಿ ಕೊಡುತ್ತಾರೆ, ಅಷ್ಟೇ. ಸಾಲದ್ದಕ್ಕೆ, ನಿಮಗೆ ಇಂಟರ್ನೆಟ್ ಕೊಡುವ ಕಂಪನಿಯ ಜಾಗದಲ್ಲೇ ತಮ್ಮ ಪೆಟ್ಟಿಗೆಗಳನ್ನು ಇಟ್ಟಿರುತ್ತಾರೆ. 1080ಪಿ ಗುಣಮಟ್ಟಕ್ಕೆ ಅವರು ಕೇಳುವ ವೇಗ ಬರೀ 5 ಎಂಬಿಪಿಎಸ್.

ನಮ್ಮ ಮನೆಯಲ್ಲಿರುವುದು ಒಂದೇ ಪ್ರತಿ. ಟೀವಿಗೆ ಅದು ಅರ್ಥವಾದರೆ ಸರ್ವರ್ ಫೈಲನ್ನು ಇದ್ದ ಹಾಗೇ ಕಳಿಸುತ್ತದೆ. ಇದಕ್ಕೆ "ಡೈರೆಕ್ಟ್ ಪ್ಲೇ" ಅಂತ ಹೆಸರು. ಹತ್ತು ವರ್ಷ ಹಳೆಯ ಲ್ಯಾಪ್‌ಟಾಪ್ ಕೂಡ ಇದನ್ನು ತೂಕಡಿಸುತ್ತಲೇ ಮಾಡುತ್ತದೆ. ಟೀವಿಗೆ ಅರ್ಥವಾಗದಿದ್ದರೆ ಸರ್ವರ್ ಆ ವಿಡಿಯೊವನ್ನು ಬಿಚ್ಚಿ, ಮತ್ತೊಂದು ರೂಪಕ್ಕೆ ಹೊಲಿದು, ಹೊಲಿದಷ್ಟನ್ನು ಹೊಲಿದ ಹಾಗೇ ಕಳಿಸಬೇಕು. ಅದು "ಟ್ರಾನ್ಸ್‌ಕೋಡಿಂಗ್". ನಮ್ಮೂರ ಬೆಣ್ಣೆದೋಸೆ ಹೋಟೆಲಿನಲ್ಲಿ ಹಿಟ್ಟು ರುಬ್ಬಿಟ್ಟಿರುವುದರಿಂದ ದೋಸೆ ಐದು ನಿಮಿಷಕ್ಕೆ ಬರುತ್ತೆ. ಗಿರಾಕಿ ಬಂದ ಮೇಲೆ ಅಕ್ಕಿ ನೆನೆಹಾಕಿದರೆ? ಟ್ರಾನ್ಸ್‌ಕೋಡಿಂಗ್ ಅಂದರೆ ಹೆಚ್ಚುಕಮ್ಮಿ ಅದೇ.

ಹಾಗಾಗಿ ಸೆಟ್ಟಿಂಗ್ ಬದಲಿಸುವ ಮೊದಲು ಯಾವುದು ನಡೆಯುತ್ತಿದೆ ಅಂತ ನೋಡಿ. ಟೀವಿಯಲ್ಲಿ ವಿಡಿಯೊ ಓಡುತ್ತಿರುವಾಗಲೇ ಲ್ಯಾಪ್‌ಟಾಪಿನಲ್ಲಿ ಜೆಲ್ಲಿಫಿನ್‌ನ ಡ್ಯಾಶ್‌ಬೋರ್ಡ್ ತೆರೆಯಿರಿ. ಯಾರು ಏನು ನೋಡುತ್ತಿದ್ದಾರೆ ಅನ್ನುವುದರ ಜೊತೆ "ಡೈರೆಕ್ಟ್ ಪ್ಲೇಯಿಂಗ್" ಅಥವಾ "ಟ್ರಾನ್ಸ್‌ಕೋಡಿಂಗ್" ಅಂತ ಬರೆದಿರುತ್ತೆ. ಟ್ರಾನ್ಸ್‌ಕೋಡಿಂಗ್ ಆದರೆ ಕಾರಣವನ್ನೂ ಅದೇ ಹೇಳುತ್ತದೆ: ವಿಡಿಯೊ ಕೋಡೆಕ್ ಹೊಂದುತ್ತಿಲ್ಲ, ಆಡಿಯೊ ಹೊಂದುತ್ತಿಲ್ಲ, ಸಬ್‌ಟೈಟಲ್ ಹೊಂದುತ್ತಿಲ್ಲ, ಬಿಟ್‌ರೇಟ್ ಮಿತಿ ಮೀರಿದೆ. ಈ ಒಂದು ಸಾಲು ಓದದೆ ಹೊಸ ರೌಟರ್ ಕೊಳ್ಳಲು ಹೋಗುವುದು ಜ್ವರ ನೋಡದೆ ಮಾತ್ರೆ ನುಂಗಿದ ಹಾಗೆ.

ನಮ್ಮ ಕ್ಯಾಸೆಟ್ಟಿನ ವಿಷಯದಲ್ಲಿ ಅದು ಹೇಳಿದ್ದು: ವಿಡಿಯೊ ಕೋಡೆಕ್ ಹೊಂದುತ್ತಿಲ್ಲ. ಸ್ಟುಡಿಯೊದವರು ಕೊಟ್ಟಿದ್ದು ಡೀವಿಡಿಯ ರೂಪ, ಅಂದರೆ ಎಂಪೆಗ್-2. ಆ ಕಾಲಕ್ಕೆ ಅದೇ ರಾಜ. ಈಗಿನ ಕೆಲವು ಟೀವಿಗಳು ಅದನ್ನು ತೆಗೆದುಕೊಳ್ಳುತ್ತವೆ, ಕೆಲವು ಇಲ್ಲ, ಬ್ರೌಸರ್‌ಗಳಂತೂ ಮುಟ್ಟುವುದೇ ಇಲ್ಲ. ಭಾನುವಾರ ಸಂಜೆ ಹರಿಹರದಲ್ಲಿ ಅಮ್ಮ ಕ್ಯಾಸೆಟ್ ನೋಡುವ ಹೊತ್ತಿಗೇ ಇಲ್ಲಿ ನನ್ನ ಮಗ ಮೊಬೈಲಿನಲ್ಲಿ ತೆಗೆದ 4ಕೆ ವಿಡಿಯೊ ನೋಡುತ್ತಿದ್ದ. ಒಂದು ಒಲೆ, ಎರಡು ಬಾಣಲೆ.

ಇನ್ನು ಅಕ್ಷತೆಯ ಲೆಕ್ಕ. ವಿಡಿಯೊ ಫೈಲು ಜಾಗ ಉಳಿಸುವುದು ಹೇಗೆಂದರೆ, ಹಿಂದಿನ ಚಿತ್ರಕ್ಕೂ ಈಗಿನ ಚಿತ್ರಕ್ಕೂ ವ್ಯತ್ಯಾಸವಾದಷ್ಟನ್ನೇ ಬರೆದುಕೊಳ್ಳುತ್ತದೆ. ಮದುಮಗಳು ಸುಮ್ಮನೆ ಕೂತಿದ್ದರೆ ಬರೆಯುವುದು ಕಡಿಮೆ. ಇನ್ನೂರು ಮಂದಿ ಒಟ್ಟಿಗೆ ಅಕ್ಷತೆ ಎಸೆದು, ಆ ಸಾವಿರಾರು ಕಾಳು ಗಾಳಿಯಲ್ಲಿ ಒಂದೊಂದು ದಿಕ್ಕಿಗೆ ಹೋಗುತ್ತಿರುವಾಗ, ಮೇಲಿಂದ ಫೋಟೊದವನ ಫ್ಲ್ಯಾಷ್ ಬಿದ್ದು ಇಡೀ ಮಂಟಪ ಬೆಳ್ಳಗಾದರೆ, ಪ್ರತಿ ಚಿತ್ರವೂ ಹೊಸದೇ. ಬಿಟ್‌ರೇಟ್ ಜಿಗಿಯುತ್ತದೆ, ಹೊಲಿಯುವ ಕೆಲಸವೂ ನಿಧಾನವಾಗುತ್ತದೆ. ಸ್ಟಿಕ್ಕಿನಲ್ಲಿ ಕೂಡಿಟ್ಟಿದ್ದ ಕೆಲವು ಸೆಕೆಂಡುಗಳ ದಾಸ್ತಾನು ಖಾಲಿಯಾಗುತ್ತದೆ. ಅದಾದ ಮೇಲೆ ಅಪ್ಪ ಮೈಕ್ ಹಿಡಿಯುತ್ತಾರೆ.

ಗುಣಮಟ್ಟ ಇಳಿಸಿದರೆ ಕೆಲಸ ಏರುತ್ತದೆ

ವಿಡಿಯೊ ನಿಂತರೆ ನಾವೆಲ್ಲ ಮೊದಲು ಮಾಡುವ ಕೆಲಸ, ಯೂಟ್ಯೂಬಿನಲ್ಲಿ ಮಾಡಿ ರೂಢಿಯಾದದ್ದು: ಗುಣಮಟ್ಟವನ್ನು 480ಪಿಗೆ ಇಳಿಸುವುದು. ಮೀಡಿಯಾ ಸರ್ವರ್‌ನಲ್ಲಿ ಇದು ಉಲ್ಟಾ ಹೊಡೆಯಬಹುದು. ಯೂಟ್ಯೂಬಿನಲ್ಲಿ 480ಪಿ ಪ್ರತಿ ಮೊದಲೇ ಸಿದ್ಧವಿದೆ. ನಮ್ಮಲ್ಲಿ ಇಲ್ಲ. ನೀವು ಕಡಿಮೆ ಕೇಳಿದಿರಿ ಅಂದರೆ ಸರ್ವರ್ ಈಗ ಅದನ್ನು ತಯಾರಿಸಬೇಕು. ಸುಮ್ಮನೆ ಕಳಿಸಿಬಿಡುತ್ತಿದ್ದ ಫೈಲಿಗೂ ಟ್ರಾನ್ಸ್‌ಕೋಡಿಂಗ್ ಅಂಟಿಕೊಳ್ಳುತ್ತದೆ.

ಆದ್ದರಿಂದ ಸರ್ವರ್ ಇರುವ ಮನೆಯೊಳಗೆ ಎಲ್ಲ ಸಾಧನಗಳಲ್ಲೂ ಗರಿಷ್ಠ ಬಿಟ್‌ರೇಟನ್ನು ಎಷ್ಟು ಎತ್ತರಕ್ಕೆ ಹೋಗುತ್ತೋ ಅಷ್ಟಕ್ಕೆ ಇಡಿ. ಜೆಲ್ಲಿಫಿನ್‌ನಲ್ಲಿ ಇದು ಪ್ರತಿ ಟೀವಿಯ ಆ್ಯಪ್‌ನಲ್ಲಿ, ಪ್ಲೇಬ್ಯಾಕ್ ಅನ್ನುವ ವಿಭಾಗದಲ್ಲಿ ಸಿಗುತ್ತದೆ. ಸಾಧನಕ್ಕೊಂದು ಸಲ ಮಾಡಬೇಕು. ಮನೆಯ ಹೊರಗಿನಿಂದ ನೋಡುವವರಿಗೆ ಮಾತ್ರ ಸರ್ವರ್ ಕಡೆಯಿಂದ ಒಂದು ಮಿತಿ ಹಾಕಬಹುದು. ಆ ಮಿತಿಗೆ ನೋಡಬೇಕಾದ ಅಂಕಿ ನಿಮ್ಮ ಡೌನ್‌ಲೋಡ್ ವೇಗವಲ್ಲ, ಅಪ್‌ಲೋಡ್. ಕಂಪನಿಗಳು ಬೋರ್ಡಿನಲ್ಲಿ ದೊಡ್ಡದಾಗಿ ಬರೆಯುವುದು ಡೌನ್‌ಲೋಡನ್ನು. ನನ್ನ ಸಂಪರ್ಕದಲ್ಲಿ ಡೌನ್‌ಲೋಡ್ 50 ಇದ್ದರೆ ಅಪ್‌ಲೋಡ್ ಬರೀ 10 ಎಂಬಿಪಿಎಸ್. ಹರಿಹರಕ್ಕೆ ಹೋಗುವ ಪೈಪು ಅದೇ. ಡೀವಿಡಿ ರೂಪದ ವಿಡಿಯೊ ಸರಾಸರಿ 8 ಇದ್ದು, 9.8ರವರೆಗೆ ಏರಬಲ್ಲದು, ಧ್ವನಿ ಬೇರೆ. 10ರ ಪೈಪಿನಲ್ಲಿ ಅದನ್ನು ತುರುಕಿದರೆ ಇನ್ನಾರಾದರೂ ಫೋಟೊ ಕಳಿಸಿದ ಕ್ಷಣಕ್ಕೇ ಚಕ್ರ.

ಹಾರ್ಡ್‌ವೇರ್ ವೇಗವರ್ಧನೆ ಅನ್ನುವ ಸೆಟ್ಟಿಂಗ್ ಬಗ್ಗೆಯೂ ಹೇಳಬೇಕು. ಇಂಟೆಲ್ ಪ್ರೊಸೆಸರ್‌ಗಳಲ್ಲಿ 2011ರಿಂದೀಚೆಗೆ ವಿಡಿಯೊ ಹೊಲಿಯುವುದಕ್ಕೆಂದೇ ಒಂದು ಭಾಗ ಇರುತ್ತದೆ, ಕ್ವಿಕ್ ಸಿಂಕ್ ಅಂತ. ಇಂಟೆಲ್ ಲ್ಯಾಪ್‌ಟಾಪ್ ಇದ್ದು ಆ ಸೆಟ್ಟಿಂಗ್ ಖಾಲಿ ಬಿಟ್ಟರೆ ಮನೆಯಲ್ಲಿ ಮಿಕ್ಸರ್ ಇಟ್ಟುಕೊಂಡು ಒರಳಲ್ಲಿ ರುಬ್ಬಿದಂತೆ. ಜೆಲ್ಲಿಫಿನ್‌ನ ಪ್ಲೇಬ್ಯಾಕ್ ವಿಭಾಗದ ಟ್ರಾನ್ಸ್‌ಕೋಡಿಂಗ್ ಪುಟದಲ್ಲಿ ಅದನ್ನು ಆರಿಸಬಹುದು, ಉಚಿತ. ಪ್ಲೆಕ್ಸ್‌ನಲ್ಲಿ ಇದಕ್ಕೆ ಪ್ಲೆಕ್ಸ್ ಪಾಸ್ ಬೇಕು. ಆದರೆ ಪ್ರೊಸೆಸರಿನ ವಯಸ್ಸು ನೋಡಿ ಟಿಕ್ ಹಾಕಿ. ಮೊಬೈಲುಗಳ 10 ಬಿಟ್ ಎಚ್‌ಇವಿಸಿ ವಿಡಿಯೊವನ್ನು ಸಲೀಸಾಗಿ ಬಿಚ್ಚುವುದು ಏಳನೇ ತಲೆಮಾರಿನಿಂದ ಮೇಲಿನವು. ಇಲ್ಲದ ಶಕ್ತಿಗೆ ಟಿಕ್ ಹಾಕಿದರೆ ವಿಡಿಯೊ ಶುರುವೇ ಆಗುವುದಿಲ್ಲ.

ಒಮ್ಮೆ ಹೊಲಿದಿಡಿ

ನನ್ನ ಅಭಿಪ್ರಾಯ ಕೇಳಿದರೆ, ಸರ್ವರ್‌ನ ಸೆಟ್ಟಿಂಗ್ ತಿದ್ದುವುದಕ್ಕಿಂತ ಫೈಲನ್ನೇ ತಿದ್ದುವುದು ವಾಸಿ. ನೆಟ್‌ಫ್ಲಿಕ್ಸ್ ಮಾಡುವುದನ್ನೇ ನಾವೂ ಮಾಡೋಣ. ಹತ್ತಾರು ಪ್ರತಿ ಬೇಡ, ಎಲ್ಲರಿಗೂ ಅರ್ಥವಾಗುವ ಒಂದೇ ಪ್ರತಿ ಸಾಕು. ಎಲ್ಲರಿಗೂ ಅರ್ಥವಾಗುವುದು ಎಚ್.264 ವಿಡಿಯೊ, ಎಎಸಿ ಆಡಿಯೊ, ಎಂಪಿ4 ಡಬ್ಬಿ. ಎಚ್.264 2003ರದ್ದು, ಹಳತಾಯಿತು, ಎಚ್‌ಇವಿಸಿ ಅದರ ಅರ್ಧ ಜಾಗಕ್ಕೆ ಮುಗಿಸುತ್ತದೆ ಅಂತ ಹುಡುಗರು ಹೇಳುತ್ತಾರೆ. ಇರಲಿ. ನನಗೆ ಬೇಕಿರುವುದು ಜಾಗ ಉಳಿತಾಯವಲ್ಲ, ಅಮ್ಮನ ಟೀವಿ, ಅಕ್ಕನ ಟೀವಿ, ಅಮೆರಿಕದಲ್ಲಿರುವ ಅಕ್ಕನ ಮಗಳ ಬ್ರೌಸರ್, ಎಲ್ಲದರಲ್ಲೂ ತಕರಾರಿಲ್ಲದೆ ಓಡುವುದು.

ಇದಕ್ಕೆ ಹ್ಯಾಂಡ್‌ಬ್ರೇಕ್ ಎಂಬ ಉಚಿತ ತಂತ್ರಾಂಶ ಸಾಕು. ಕ್ಯಾಸೆಟ್ಟಿಗೆ ನಾನು ಇಟ್ಟ ಸೆಟ್ಟಿಂಗ್ ಹೇಳುತ್ತೇನೆ, ಬರೆದುಕೊಳ್ಳಿ. ಫಾರ್ಮ್ಯಾಟ್ ಎಂಪಿ4, ಅದರ ಕೆಳಗಿರುವ "ವೆಬ್ ಆಪ್ಟಿಮೈಸ್ಡ್" ಅನ್ನುವುದಕ್ಕೆ ಟಿಕ್ (ಫೈಲಿನ ವಿಷಯಸೂಚಿ ಕೊನೆಯಿಂದ ಮೊದಲಿಗೆ ಬರುತ್ತದೆ, ವಿಡಿಯೊ ಬೇಗ ಶುರುವಾಗುತ್ತದೆ). ವಿಡಿಯೊ ಎಚ್.264, ಸ್ಥಿರ ಗುಣಮಟ್ಟ ಆರ್‌ಎಫ್ 19. ಹ್ಯಾಂಡ್‌ಬ್ರೇಕ್‌ನವರೇ ಇಂಥ ಸಣ್ಣ ಅಳತೆಯ ವಿಡಿಯೊಗೆ 18ರಿಂದ 22 ಅಂತ ಹೇಳುತ್ತಾರೆ. ಅಂಕಿ ಇಳಿದಷ್ಟೂ ಗುಣಮಟ್ಟ ಹೆಚ್ಚು, ಫೈಲು ದೊಡ್ಡದು. ವೇಗ "ಸ್ಲೋ". ಆಡಿಯೊ ಎಎಸಿ, ಸ್ಟಿರಿಯೊ, 160. ಹೆಚ್ಚುವರಿ ಆಯ್ಕೆಗಳ ಜಾಗದಲ್ಲಿ ವಿಬಿವಿ ಮ್ಯಾಕ್ಸ್‌ರೇಟ್ 5000, ವಿಬಿವಿ ಬಫ್‌ಸೈಜ್ 10000. ಅಕ್ಷತೆಯ ಹೊಡೆತಕ್ಕೆ ಮದ್ದು ಈ ಕೊನೆಯದು. ಕಾಳು ಎಷ್ಟೇ ಹಾರಲಿ, ಸೆಕೆಂಡಿಗೆ ಸರಾಸರಿ 5 ಎಂಬಿಗಿಂತ ಮೇಲೆ ಹೋಗಬೇಡ ಅಂತ ಕಟ್ಟು ಹಾಕಿದಂತೆ. ಇಲ್ಲಿ ಎಂಬಿ ಅಂದರೆ ಮೆಗಾಬಿಟ್, ಮೆಗಾಬೈಟ್ ಅಲ್ಲ. ಎಂಟರಿಂದ ಭಾಗಿಸಬೇಕು.

ಫಲಿತಾಂಶ: ಗಂಟೆಗೆ 3.6 ಜಿಬಿ ಇದ್ದ ಫೈಲು ಸುಮಾರು 1.35 ಜಿಬಿಗೆ ಇಳಿಯಿತು. ಸರಾಸರಿ 3 ಎಂಬಿಪಿಎಸ್. ಡ್ಯಾಶ್‌ಬೋರ್ಡಿನಲ್ಲಿ "ಡೈರೆಕ್ಟ್ ಪ್ಲೇಯಿಂಗ್". ಲ್ಯಾಪ್‌ಟಾಪಿನ ಫ್ಯಾನ್ ಸದ್ದೇ ಇಲ್ಲ.

ಕ್ಯಾಸೆಟ್ಟಿಗೆ ಇನ್ನೊಂದು ವಿಶೇಷ ಕಾಯಿಲೆ ಇದೆ. ಹಳೆಯ ಟೀವಿಗಳ ಕಾಲದಲ್ಲಿ ಒಂದು ಚಿತ್ರವನ್ನು ಎರಡು ಅರ್ಧ ಮಾಡಿ, ಬೆಸ ಗೆರೆಗಳನ್ನು ಒಮ್ಮೆ, ಸಮ ಗೆರೆಗಳನ್ನು ಒಮ್ಮೆ ತೋರಿಸುತ್ತಿದ್ದರು. ನಮ್ಮ ದೇಶದ ಪದ್ಧತಿಯಲ್ಲಿ ಸೆಕೆಂಡಿಗೆ 25 ಚಿತ್ರ, 50 ಅರ್ಧಗಳು. ಈಗಿನ ಚಪ್ಪಟೆ ಟೀವಿಯಲ್ಲಿ ಆ ಎರಡು ಅರ್ಧ ಒಟ್ಟಿಗೆ ಬಂದರೆ ಯಾರಾದರೂ ಕೈ ಆಡಿಸಿದಾಗ ಬಾಚಣಿಗೆ ಹಲ್ಲಿನಂತೆ ಗೆರೆ ಕಾಣುತ್ತವೆ. ಅದನ್ನೂ ಸರ್ವರ್ ಓಡುತ್ತಲೇ ಸರಿಮಾಡಬಲ್ಲದು, ಆದರೆ ಅದಕ್ಕೆ ಮತ್ತೆ ಟ್ರಾನ್ಸ್‌ಕೋಡಿಂಗ್. ಹ್ಯಾಂಡ್‌ಬ್ರೇಕ್‌ನ ಫಿಲ್ಟರ್ ಪುಟದಲ್ಲಿ ಡಿಇಂಟರ್‌ಲೇಸ್ ಅನ್ನುವಲ್ಲಿ ಬಿವ್‌ಡಿಫ್ ಆರಿಸಿ, ಪಕ್ಕದಲ್ಲಿ "ಬಾಬ್" ಇಡಿ. ಆಗ 50 ಅರ್ಧಗಳು 50 ಪೂರ್ತಿ ಚಿತ್ರಗಳಾಗುತ್ತವೆ, ನಡಿಗೆ, ಆರತಿ, ಓಲಗದವರ ಬೆರಳು ಎಲ್ಲ ಆ ದಿನ ಕಂಡಷ್ಟೇ ನಯವಾಗಿ ಕಾಣುತ್ತವೆ. ಚಿತ್ರದ ಮರಳು ಮರಳು ತೆಗೆಯುವ ಫಿಲ್ಟರುಗಳೂ ಇವೆ. ಅದನ್ನು ಹಗುರವಾಗಿ ಹಾಕಿ ನೋಡಿ, ಜೋರಾಗಿ ಬೇಡ. ಸ್ವಚ್ಛ ಮಾಡಲು ಹೋಗಿ ಮಂದಿಯ ಮುಖವೆಲ್ಲ ಮೇಣದ ಗೊಂಬೆಯಾಗುತ್ತೆ. ಅಪ್ಪನ ಹಣೆಯ ಮೇಲಿನ ಗಾಯದ ಗುರುತು ನನಗೆ ಬೇಕು.

ಒಂದು ಎಚ್ಚರಿಕೆ ಮಾತ್ರ. ಸ್ಟುಡಿಯೊದವರು ಕೊಟ್ಟ ಮೂಲ ಫೈಲನ್ನು ಅಳಿಸಬೇಡಿ, ಬೇರೆ ಹಾರ್ಡ್ ಡಿಸ್ಕಿನಲ್ಲಿ ಇಡಿ. ಇನ್ನು ಹತ್ತು ವರ್ಷಕ್ಕೆ ಇನ್ನೂ ಒಳ್ಳೆಯ ದರ್ಜಿ ಬರಬಹುದು.

ನಿಲ್ಲದಿದ್ದರೂ ಜರ್ಕ್ ಹೊಡೆದರೆ

ಚಕ್ರ ಹೋಯಿತು. ಆದರೆ ಕ್ಯಾಮೆರಾ ಊಟದ ಪಂಕ್ತಿಯ ಮೇಲೆ ನಿಧಾನಕ್ಕೆ ಸರಿಯುವಾಗ ಚಿತ್ರ ಸಣ್ಣಗೆ ತಡವರಿಸುತ್ತಿದೆ ಅಂತ ಅಮ್ಮ ಅಂದರು. ಎಪ್ಪತ್ತೆಂಟರ ಕಣ್ಣಿಗೆ ಅದು ಕಂಡಿದೆ, ನನಗೆ ಅಚ್ಚರಿ. ಇದು ಸರ್ವರ್‌ನ ದೋಷವೂ ಅಲ್ಲ, ನೆಟ್‌ನದ್ದೂ ಅಲ್ಲ. ಸ್ಟಿಕ್ಕುಗಳು ಸಾಮಾನ್ಯವಾಗಿ ಟೀವಿಗೆ ಸೆಕೆಂಡಿಗೆ 60 ಸಲ ಚಿತ್ರ ಕಳಿಸುತ್ತವೆ. ನಮ್ಮ ವಿಡಿಯೊ 50. ಐವತ್ತನ್ನು ಅರವತ್ತಕ್ಕೆ ಸಮನಾಗಿ ಹಂಚಲು ಆಗುವುದಿಲ್ಲ, ಐದಕ್ಕೊಂದು ಚಿತ್ರ ಎರಡು ಸಲ ಬರುತ್ತದೆ. ಫೈರ್ ಟೀವಿಯ ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲಿ "ಮ್ಯಾಚ್ ಒರಿಜಿನಲ್ ಫ್ರೇಮ್ ರೇಟ್" ಅಂತ ಒಂದಿದೆ. ಆನ್ ಮಾಡಿ. ಆ್ಯಪ್ ಅದಕ್ಕೆ ಸಹಕರಿಸದಿದ್ದರೆ ರೆಸಲ್ಯೂಶನ್ನನ್ನೇ 1080ಪಿ 50 ಹರ್ಟ್ಸ್‌ಗೆ ಇಡಬಹುದು. ಅಮ್ಮ ನೋಡುವುದು ಇದನ್ನೂ ಸುದ್ದಿಯನ್ನೂ ಮಾತ್ರ, ಹಾಗಾಗಿ ನಾನು 50ಕ್ಕೇ ಇಟ್ಟು ಬಂದೆ.

ವೈಫೈ ವಿಷಯ ಬೇಗ ಮುಗಿಸುತ್ತೇನೆ. ಸರ್ವರ್‌ನಿಂದ ರೌಟರ್‌ಗೆ ಯಾವಾಗಲೂ ಕೇಬಲ್ ಹಾಕಿ. ಸರ್ವರೂ ವೈಫೈ, ಸ್ಟಿಕ್ಕೂ ವೈಫೈ ಆದರೆ ಒಂದೇ ಗಾಳಿಯಲ್ಲಿ ಒಂದೇ ಮಾತು ಎರಡು ಸಲ ಹೋಗಬೇಕು. ಸ್ಟಿಕ್ಕು ರೌಟರ್ ಇರುವ ಕೋಣೆಯಲ್ಲೇ ಇದ್ದರೆ 5 ಗಿಗಾಹರ್ಟ್ಸ್. ಹರಿಹರದ ನಮ್ಮ ಹಳೇ ಮನೆಯಂಥ ದಪ್ಪ ಗೋಡೆ ಅಡ್ಡ ಇದ್ದರೆ 2.4 ವಾಸಿ, ವೇಗ ಕಡಿಮೆಯಾದರೂ ತೂರಿ ಬರುತ್ತೆ. ಡಬ್ಬಿಯ ಜೊತೆ ಕೊಟ್ಟ ಗೇಣುದ್ದದ ಎಚ್‌ಡಿಎಂಐ ವೈರನ್ನು ಎಸೆಯಬೇಡಿ. ಸ್ಟಿಕ್ಕು ಟೀವಿಯ ಬೆನ್ನಿಗೆ ಅಂಟಿಕೊಂಡಿದ್ದರೆ ಟೀವಿಯೇ ಸಿಗ್ನಲ್ಲಿಗೆ ಗೋಡೆ.

ಮೊಬೈಲಿನಲ್ಲಿ ತೆಗೆದ ವಿಡಿಯೊಗಳಿಗೆ ಮೂಲದಲ್ಲೇ ಕಡಿವಾಣ ಹಾಕುವುದು ಒಳ್ಳೆಯದು. ಐಫೋನ್ 2017ರ ಐಓಎಸ್ 11ರಿಂದ ಎಚ್‌ಇವಿಸಿಯಲ್ಲಿ ಬರೆಯುತ್ತದೆ. ಆ್ಯಪಲ್ ಕಂಪನಿಯದೇ ಲೆಕ್ಕದಂತೆ 4ಕೆ 30 ಚಿತ್ರದ ವಿಡಿಯೊಗೆ ನಿಮಿಷಕ್ಕೆ ಸುಮಾರು 170 ಮೆಗಾಬೈಟ್, ಅಂದರೆ ಸುಮಾರು 23 ಎಂಬಿಪಿಎಸ್. 1080ಪಿ ಆದರೆ ನಿಮಿಷಕ್ಕೆ 60 ಮೆಗಾಬೈಟ್, 8 ಎಂಬಿಪಿಎಸ್. ಐಫೋನ್ 12ರಿಂದೀಚೆಗೆ ಎಚ್‌ಡಿಆರ್ ಬೇರೆ. ಅದನ್ನು ಸಾದಾ ಟೀವಿಗೆ ಬಣ್ಣ ಹೊಂದಿಸಿ ಕಳಿಸುವುದು ಹಳೇ ಲ್ಯಾಪ್‌ಟಾಪಿಗೆ ಬೆಟ್ಟ ಹೊರಿಸಿದಂತೆ. ಮಗುವಿನ ಹುಟ್ಟುಹಬ್ಬಕ್ಕೆ 1080ಪಿ, ಎಚ್‌ಡಿಆರ್ ಆಫ್ ಸಾಕು ಅನ್ನುವುದು ನನ್ನ ಮತ. ಮಗ ಒಪ್ಪುವುದಿಲ್ಲ.

ಸಬ್‌ಟೈಟಲ್ ಹಾಕುವವರಿಗೊಂದು ಮಾತು. ಡೀವಿಡಿ, ಬ್ಲೂರೇಯಿಂದ ಬಂದ ಸಬ್‌ಟೈಟಲ್‌ಗಳು ಅಕ್ಷರವಲ್ಲ, ಚಿತ್ರ. ಅದನ್ನು ಆನ್ ಮಾಡಿದರೆ ಹಲವು ಸಾಧನಗಳಲ್ಲಿ ಸರ್ವರ್ ಇಡೀ ವಿಡಿಯೊವನ್ನು ಮತ್ತೆ ಹೊಲಿದು ಅದರ ಮೇಲೆ ಅಚ್ಚೊತ್ತಬೇಕು. ಎಸ್‌ಆರ್‌ಟಿ ಎಂಬ ಸಾದಾ ಅಕ್ಷರದ ಫೈಲಿಗೆ ಈ ತೊಂದರೆ ಇಲ್ಲ. ಅಪ್ಪನ ಮಾತಿನ ಜಾಗಕ್ಕೆ ನಾನೇ ಕೂತು ಕನ್ನಡದಲ್ಲಿ ಎಸ್‌ಆರ್‌ಟಿ ಬರೆದೆ, ಅಕ್ಕನ ಮೊಮ್ಮಗುವಿಗೆ ಇಂಗ್ಲಿಷಿನಲ್ಲೊಂದು. ಅಮ್ಮನ ಕಿವಿ ಈಗ ಮೊದಲಿನಂತಿಲ್ಲ, ಮೈಕಿನ ಗುಂಯ್ ಸದ್ದಿನ ನಡುವೆ ಮಾತು ಹಿಡಿಯಲು ಓದುವುದು ನೆರವಾಗುತ್ತದೆ. ಕನ್ನಡ ಅಕ್ಷರದ ಬದಲು ಚೌಕ ಚೌಕ ಡಬ್ಬಿ ಕಂಡರೆ ಆ ಸಾಧನದಲ್ಲಿ ಕನ್ನಡ ಲಿಪಿ ಇಲ್ಲ ಅಂತ ಅರ್ಥ. ಸರ್ವರ್ ಅಚ್ಚೊತ್ತಿ ಕಳಿಸುವ ಸಂದರ್ಭಕ್ಕೆ ನೋಟೊ ಸಾನ್ಸ್ ಕನ್ನಡದಂಥ ಉಚಿತ ಲಿಪಿಯೊಂದನ್ನು ಸರ್ವರ್ ಇರುವ ಕಂಪ್ಯೂಟರಿನಲ್ಲೇ ಹಾಕಿಡಿ.

ಲೈಬ್ರರಿ ಮಾಡುವಾಗ "ಹೋಮ್ ವಿಡಿಯೋಸ್" ಅನ್ನುವ ವರ್ಗ ಆರಿಸಿ, "ಮೂವೀಸ್" ಅಲ್ಲ. ನನ್ನ ಗೆಳತಿಯೊಬ್ಬಳ ಮನೆಯಲ್ಲಿ "ಗೃಹಪ್ರವೇಶ" ಅನ್ನುವ ಫೈಲಿಗೆ ಸರ್ವರ್ ತಾನಾಗೇ ಅದೇ ಹೆಸರಿನ ಯಾವುದೋ ಸಿನಿಮಾದ ಪೋಸ್ಟರ್ ಹುಡುಕಿ ಅಂಟಿಸಿತ್ತು. ಅವಳ ಅತ್ತೆಗೆ ಇನ್ನೂ ನಗು ತಡೆಯಲಾಗಿಲ್ಲ.

ಹರಿಹರದ ದಾರಿ

ಈಗ ಆ ಹದಿನಾಲ್ಕು ಕಿಲೋಮೀಟರ್. ಬಹಳಷ್ಟು ಮನೆಗಳಿಗೆ ಇಂಟರ್ನೆಟ್ ಕಂಪನಿಗಳು ಸ್ವಂತ ವಿಳಾಸ ಕೊಡುವುದಿಲ್ಲ. ನೂರಾರು ಮನೆಗೆ ಒಂದೇ ಬಾಗಿಲು. ಹೊರಗಿನಿಂದ ನಮ್ಮ ಮನೆಯ ಸರ್ವರನ್ನು ನೇರವಾಗಿ ಕರೆಯಲು ಆಗುವುದಿಲ್ಲ. ಸರ್ವರಿನ ಬಾಗಿಲನ್ನು ಊರಿಗೆಲ್ಲ ತೆರೆದಿಡುವುದೂ ಜಾಣತನವಲ್ಲ. ಟೇಲ್‌ಸ್ಕೇಲ್ ಎಂಬ ತಂತ್ರಾಂಶವನ್ನು ಸರ್ವರಿಗೂ ಹರಿಹರದ ಸ್ಟಿಕ್ಕಿಗೂ ಹಾಕಿದರೆ ಎರಡರ ಮಧ್ಯೆ ಒಂದು ಖಾಸಗಿ ಸುರಂಗ ಏರ್ಪಡುತ್ತದೆ. ಮನೆ ಬಳಕೆಗೆ ಉಚಿತ. ಸಾಮಾನ್ಯವಾಗಿ ಅದು ಎರಡೂ ಮನೆಗಳನ್ನು ನೇರವಾಗಿ ಜೋಡಿಸುತ್ತದೆ. ಆಗದಿದ್ದರೆ ತನ್ನದೇ ನಡುವಣ ಸರ್ವರ್ ಮೂಲಕ ಸುತ್ತಿ ತರುತ್ತದೆ, ಅಂಥ ಹೊತ್ತಲ್ಲಿ ನಿಧಾನ. ನೇರ ಸಂಪರ್ಕವೂ ಬಸ್ಸಿನ ದಾರಿಯಂತಲ್ಲ. ಎರಡು ಮನೆಯದು ಬೇರೆ ಬೇರೆ ಕಂಪನಿಯಾದರೆ ಅಪ್ಪನ ಮಾತು ಬೆಂಗಳೂರೋ ಮುಂಬೈಯೋ ನೋಡಿಕೊಂಡು ಹರಿಹರಕ್ಕೆ ಬರಬಹುದು.

ಫೈಲು ಹಗುರಾದ ಮೇಲೆ ಇದೂ ಚೆನ್ನಾಗೇ ನಡೆಯಿತು, ಮಳೆಗಾಲದವರೆಗೆ. ಮಳೆ ಹಿಡಿದರೆ ಅಮ್ಮನ ಓಣಿಯಲ್ಲಿ ನೆಟ್ ದಿನಗಟ್ಟಲೆ ಇರಲ್ಲ. ಆಗ ನೆಟ್ ಬೇಕಿಲ್ಲದ ದಾರಿ ಹುಡುಕಿದೆ: ಹರಿಹರದಲ್ಲೇ ಇನ್ನೊಂದು ಪುಟ್ಟ ಸರ್ವರ್. ರಾಸ್ಪ್‌ಬೆರಿ ಪೈ 4 ಎಂಬ ಅಂಗೈಯಗಲದ ಕಂಪ್ಯೂಟರ್. ಟ್ರಾನ್ಸ್‌ಕೋಡಿಂಗ್‌ಗೆ ಅದು ಏನೇನೂ ಸಾಲದು. ಆದರೆ ನಮ್ಮ ಫೈಲಿಗೆ ಈಗ ಅದು ಬೇಕಾಗಿಯೇ ಇಲ್ಲವಲ್ಲ! ಬಳಕೆದಾರರ ಸೆಟ್ಟಿಂಗ್‌ನಲ್ಲಿ ವಿಡಿಯೊ ಟ್ರಾನ್ಸ್‌ಕೋಡಿಂಗ್ ಅನುಮತಿಯನ್ನೇ ತೆಗೆದುಬಿಟ್ಟೆ. ದಾವಣಗೆರೆಯಲ್ಲಿ ಹೊಸ ವಿಡಿಯೊ ಹಾಕಿದರೆ ಸಿಂಕ್‌ಥಿಂಗ್ ಎಂಬ ಉಚಿತ ತಂತ್ರಾಂಶ ರಾತ್ರಿ ಹೊತ್ತು ನಿಧಾನಕ್ಕೆ ಹರಿಹರಕ್ಕೆ ನಕಲು ಮಾಡುತ್ತದೆ. ಆ ಕೆಲಸಕ್ಕೆ 10 ಎಂಬಿಪಿಎಸ್ ಧಾರಾಳ. ಕರೆಂಟ್ ಹೋಗಿ ಬಂದರೆ ಹಾರ್ಡ್ ಡಿಸ್ಕ್ ಕೆಡಬಾರದು ಅಂತ ರೌಟರಿಗೂ ಪೈಗೂ ಸೇರಿಸಿ ಒಂದು ಸಣ್ಣ ಯುಪಿಎಸ್ ಇಟ್ಟಿದ್ದೇನೆ.

ಇಷ್ಟೆಲ್ಲ ಯಾಕೆ, ಪೆನ್‌ಡ್ರೈವ್‌ಗೆ ಹಾಕಿ ಟೀವಿಗೆ ಚುಚ್ಚಿದರೆ ಸಾಲದೇ ಅಂತ ಕೇಳುವಿರಿ. ಒಂದೇ ಮನೆ, ಒಂದೇ ವಿಡಿಯೊ ಆದರೆ ಖಂಡಿತ ಸಾಕು, ಸರ್ವರ್ ಗೊಡವೆಯೇ ಬೇಡ. ಫ್ಯಾಟ್32 ರೂಪದ ಪೆನ್‌ಡ್ರೈವ್ 4 ಜಿಬಿಗಿಂತ ದೊಡ್ಡ ಫೈಲನ್ನು ಹಿಡಿಯುವುದಿಲ್ಲ ಅನ್ನುವುದೊಂದು ನೆನಪಿರಲಿ. ನಮ್ಮಲ್ಲಿ ಮಾತ್ರ ಕೇಳುವವರು ಹೆಚ್ಚಾದರು. ಮದುವೆಗೆ ಅಪ್ಪನ ಕಾರ್ಖಾನೆಯ ಗೆಳೆಯರು ಇಡೀ ಒಂದು ಪಾಳಿಯೇ ಬಂದಿತ್ತು. ಕಾರ್ಖಾನೆ ಮುಚ್ಚಿ ಎಷ್ಟೋ ವರ್ಷವಾಯಿತು, ಅವರಲ್ಲಿ ಅನೇಕರು ಈಗಿಲ್ಲ. ಅಮ್ಮ ಓಣಿಯಲ್ಲಿ ಯಾರಿಗೋ ಹೇಳಿದ್ದೇ ತಡ, ಅವರ ಮಕ್ಕಳು ಒಬ್ಬೊಬ್ಬರಾಗಿ ಬಂದು ಊಟದ ಪಂಕ್ತಿಯಲ್ಲಿ ತಮ್ಮಪ್ಪನನ್ನು ಹುಡುಕುತ್ತಿದ್ದಾರೆ. ಅವರಿಗೆಲ್ಲ ಬೇರೆ ಬೇರೆ ಬಳಕೆದಾರರ ಹೆಸರು ಮಾಡಿಕೊಟ್ಟು, ಆ ಒಂದು ಲೈಬ್ರರಿ ಮಾತ್ರ ಕಾಣುವಂತೆ ಇಟ್ಟಿದ್ದೇನೆ. ಅಪ್ಪನ ನಾಲ್ಕು ನಿಮಿಷವನ್ನು ಬೇರೆ ಫೈಲಾಗಿಯೂ ಕತ್ತರಿಸಿ ಮೊದಲಿಗೇ ಇಟ್ಟಿದ್ದೇನೆ. ಅಮ್ಮ ರಿಮೋಟಿನಲ್ಲಿ ಹುಡುಕಾಡುವುದು ಬೇಡ ಅಂತ.

ನಿಮ್ಮ ಮನೆಯ ಅಟ್ಟದಲ್ಲಿ ಕ್ಯಾಸೆಟ್ ಇದ್ದರೆ ಸೆಟ್ಟಿಂಗ್ ವಿಷಯ ಆಮೇಲೆ ನೋಡಿಕೊಳ್ಳಿ, ಮೊದಲು ಅದನ್ನು ಇಳಿಸಿ. ವಿಎಚ್‌ಎಸ್ ಪ್ಲೇಯರ್ ತಯಾರಿಸುತ್ತಿದ್ದ ಕೊನೆಯ ಕಂಪನಿ, ಜಪಾನಿನ ಫುನೈ, 2016ರ ಜುಲೈನಲ್ಲೇ ನಿಲ್ಲಿಸಿತು. ಈಗ ಸ್ಟುಡಿಯೊಗಳಲ್ಲಿ ಓಡುತ್ತಿರುವುದೆಲ್ಲ ಹಳೆಯ ಯಂತ್ರ, ಹಳೆಯ ಹೆಡ್ಡು. ಕೊಡುವಾಗ ಡೀವಿಡಿ ಬೇಡ, ಫೈಲೇ ಕೊಡಿ, ಎಷ್ಟು ಬಿಟ್‌ರೇಟಿಗೆ ಆಗುತ್ತೋ ಅಷ್ಟಕ್ಕೆ ಹಿಡಿಯಿರಿ ಅಂತ ಹೇಳಿ. ನಮ್ಮ ಮೂರರಲ್ಲಿ ಎರಡು ಮುಗಿದವು. ಮೂರನೆಯದರ ಟೇಪಿನ ಅಂಚಿಗೆ ಬಿಳಿ ಬೂಸ್ಟು ಹಿಡಿದಿದೆ. ಹಾಗೇ ಓಡಿಸಿದರೆ ಟೇಪೂ ಹಾಳು, ಯಂತ್ರದ ಹೆಡ್ಡೂ ಹಾಳು ಅಂತ ಸ್ಟುಡಿಯೊದವರು ವಾಪಸ್ ಕೊಟ್ಟರು. ಬೂಸ್ಟು ತೆಗೆದು ಕೊಡುವವರು ಬೆಂಗಳೂರಿನಲ್ಲಿದ್ದಾರಂತೆ. ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಸಿಲಿಕಾ ಪುಡಿಯ ಪೊಟ್ಟಣದ ಜೊತೆ ಡಬ್ಬಿಯಲ್ಲಿ ಇಟ್ಟಿದ್ದೇನೆ. ಬೀಗರ ಊರಿನ ಮೆರವಣಿಗೆ ಇರುವುದು ಅದರಲ್ಲೇ.